ಮೂರು ರಾಜೀನಾಮೆಗಳು, ಒಂದು ಎಣಿಕೆ

1969ರ ಆಗಸ್ಟ್ 20. ದೆಹಲಿಯ ಸಂಸತ್ ಭವನದಲ್ಲಿ ರಾಷ್ಟ್ರಪತಿ ಚುನಾವಣೆಯ ಮತಪತ್ರಗಳ ಎಣಿಕೆ. ಮೊದಲ ಪ್ರಾಶಸ್ತ್ಯದ ಮತಗಳನ್ನೆಲ್ಲ ಎಣಿಸಿ ಮುಗಿಸಿದರೂ ಯಾರೂ ಗೆದ್ದಿರಲಿಲ್ಲ. ವಿ.ವಿ. ಗಿರಿಯವರಿಗೆ 4,01,515, ನೀಲಂ ಸಂಜೀವ ರೆಡ್ಡಿಯವರಿಗೆ 3,13,548, ಸಿ.ಡಿ. ದೇಶಮುಖ್ ಅವರಿಗೆ 1,12,769. ಗೆಲ್ಲಲು ಬೇಕಿದ್ದದ್ದು 4,18,169. ಹಾಗಾಗಿ ಕೆಳಗಿನಿಂದ ಒಬ್ಬೊಬ್ಬರನ್ನೇ ಕೈಬಿಟ್ಟು, ಅವರ ಮತಪತ್ರಗಳಲ್ಲಿ ‘2’ ಎಂದು ಬರೆದಿದ್ದ ಹೆಸರು ಯಾವುದೆಂದು ನೋಡಬೇಕಾಯಿತು. ನಮ್ಮ ರಾಷ್ಟ್ರಪತಿಗಳ ಆಯ್ಕೆಯಲ್ಲಿ ಎರಡನೇ ಪ್ರಾಶಸ್ತ್ಯದ ಎಣಿಕೆಯವರೆಗೆ ಹೋದದ್ದು ಅದೊಂದೇ ಸಲ.

ಈ ಚುನಾವಣೆಯ ಬಗ್ಗೆ ಮಾತು ಬಂದಾಗಲೆಲ್ಲ ಇಂದಿರಾ ಗಾಂಧಿ ಮತ್ತು ‘ಸಿಂಡಿಕೇಟ್’ ಎಂದು ಕರೆಸಿಕೊಂಡ ಕಾಂಗ್ರೆಸ್ಸಿನ ಹಿರಿಯ ನಾಯಕರ ಗುಂಪಿನ ನಡುವಿನ ಜಗಳವೇ ಮುಂದೆ ಬರುತ್ತದೆ. ಸ್ಪರ್ಧೆಗೆ ನಿಂತಿದ್ದ ಮೂವರು ಯಾರು, ಏನನ್ನು ನಂಬಿದ್ದರು ಎಂಬುದು ಹಿಂದೆ ಸರಿದುಬಿಡುತ್ತದೆ. ಅದು ಅನ್ಯಾಯ. ರಾಷ್ಟ್ರಪತಿ ಅಭ್ಯರ್ಥಿಗೆ ಪ್ರಣಾಳಿಕೆ ಇರುವುದಿಲ್ಲ. ಗೆದ್ದ ಮೇಲೂ ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕು. ಹಾಗಾದರೆ ಅವರ ನಿಲುವನ್ನು ತಿಳಿಯುವುದು ಎಲ್ಲಿಂದ? ಅವರು ಹಿಡಿದ ಹುದ್ದೆಗಳ ಪಟ್ಟಿಗಿಂತ, ಬಿಟ್ಟ ಹುದ್ದೆಗಳ ಪಟ್ಟಿ ಹೆಚ್ಚು ಹೇಳುತ್ತದೆ. 1969ರ ಮೂವರೂ ಒಂದೊಂದು ದೊಡ್ಡ ಕುರ್ಚಿಯನ್ನು ಬಿಟ್ಟು ಎದ್ದು ಬಂದವರು.

ವರಾಹಗಿರಿ ವೆಂಕಟ ಗಿರಿ ಹುಟ್ಟಿದ್ದು 1894ರಲ್ಲಿ, ಇಂದಿನ ಒಡಿಶಾದ ಬರ್ಹಾಂಪುರದಲ್ಲಿ. ಕಾನೂನು ಓದಲು ಐರ್ಲೆಂಡಿನ ಡಬ್ಲಿನ್‌ಗೆ ಹೋದರು. ಅಲ್ಲಿನ ಸ್ವಾತಂತ್ರ್ಯ ಹೋರಾಟದ ಬಿಸಿ ತಗುಲಿ 1916ರಲ್ಲಿ ಊರಿಗೆ ಮರಳಬೇಕಾಯಿತು. ಇಲ್ಲಿ ಬಂದು ರೈಲ್ವೆ ಕಾರ್ಮಿಕರನ್ನು ಸಂಘಟಿಸಿದರು. 1937ರಲ್ಲಿ ಮದ್ರಾಸ್ ಪ್ರಾಂತ್ಯದ ಕಾರ್ಮಿಕ ಮಂತ್ರಿಯಾದರು, 1952ರಲ್ಲಿ ನೆಹರೂ ಸಂಪುಟದಲ್ಲಿ ಅದೇ ಖಾತೆ ಹಿಡಿದರು. ಅವರ ನಿಲುವಿಗೆ ಆಗಲೇ ‘ಗಿರಿ ಮಾರ್ಗ’ ಎಂಬ ಹೆಸರು ಬಿದ್ದಿತ್ತು. ಮಾಲೀಕರೂ ಕಾರ್ಮಿಕರೂ ಎದುರುಬದುರು ಕೂತು ಮಾತಾಡಿ ಒಪ್ಪಂದಕ್ಕೆ ಬರಬೇಕು. ಸರ್ಕಾರ ಕಡ್ಡಾಯವಾಗಿ ನ್ಯಾಯಮಂಡಳಿಗೆ ತಳ್ಳುವುದು ಕೊನೆಯ ದಾರಿಯಾಗಿರಬೇಕು, ಮೊದಲ ದಾರಿಯಲ್ಲ ಎಂಬುದು ಅದರ ತಿರುಳು. 1954ರಲ್ಲಿ ಬ್ಯಾಂಕ್ ನೌಕರರ ಸಂಬಳದ ಬಗ್ಗೆ ಕಾರ್ಮಿಕ ಮೇಲ್ಮನವಿ ನ್ಯಾಯಮಂಡಳಿ ತೀರ್ಪು ಕೊಟ್ಟಿತು. ಸರ್ಕಾರ ಅದನ್ನು ತಿದ್ದಿತು. ಗಿರಿ ರಾಜೀನಾಮೆ ಕೊಟ್ಟರು.

ಆಗ ಹಣಕಾಸು ಮಂತ್ರಿ ಯಾರು? ಸಿ.ಡಿ. ದೇಶಮುಖ್. 1969ರಲ್ಲಿ ಎದುರಾಳಿಗಳಾಗಿ ನಿಂತ ಇಬ್ಬರು ಹದಿನೈದು ವರ್ಷ ಮೊದಲು ಒಂದೇ ಸಂಪುಟದ ಮೇಜಿನ ಸುತ್ತ ಕೂತಿದ್ದರು. ಒಬ್ಬರ ಖಾತೆ ಬ್ಯಾಂಕಿನ ಲೆಕ್ಕ ನೋಡುವುದು, ಇನ್ನೊಬ್ಬರದು ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ಗುಮಾಸ್ತನ ಹೊಟ್ಟೆಪಾಡು ನೋಡುವುದು.

ದೇಶಮುಖ್ 1896ರಲ್ಲಿ ಇಂದಿನ ರಾಯಗಡ ಜಿಲ್ಲೆಯಲ್ಲಿ ಹುಟ್ಟಿದವರು. ಐಸಿಎಸ್ ಅಧಿಕಾರಿ, 1943ರಲ್ಲಿ ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರ್, 1944ರಲ್ಲಿ ವಿಶ್ವ ಬ್ಯಾಂಕ್, ಐಎಂಎಫ್‌ಗಳ ಹುಟ್ಟಿಗೆ ಕಾರಣವಾದ ಬ್ರೆಟನ್ ವುಡ್ಸ್ ಸಮ್ಮೇಳನಕ್ಕೆ ಹೋದ ಭಾರತದ ನಿಯೋಗದಲ್ಲಿದ್ದವರು. 1950ರಿಂದ 1956ರವರೆಗೆ ಹಣಕಾಸು ಖಾತೆ. ಭಾಷಾವಾರು ಪ್ರಾಂತ್ಯಗಳ ರಚನೆಯ ಹೊತ್ತಿನಲ್ಲಿ ಮುಂಬೈ ನಗರವನ್ನು ಮಹಾರಾಷ್ಟ್ರದಿಂದ ಬೇರೆ ಇಡುವ ಕೇಂದ್ರದ ಯೋಚನೆಯನ್ನು ಒಪ್ಪದೆ ಮಂತ್ರಿಪದವಿ ಬಿಟ್ಟರು. ಮುಂದೆ ವಿಶ್ವವಿದ್ಯಾಲಯ ಅನುದಾನ ಆಯೋಗದ ಅಧ್ಯಕ್ಷರಾಗಿ, ದೆಹಲಿ ವಿಶ್ವವಿದ್ಯಾಲಯದ ಕುಲಪತಿಯಾಗಿ ಕೆಲಸ ಮಾಡಿದರು. 1969ರಲ್ಲಿ ಅವರನ್ನು ನಿಲ್ಲಿಸಿದ್ದು ಸ್ವತಂತ್ರ ಪಕ್ಷ ಮತ್ತು ಜನಸಂಘ. ಇಲ್ಲೊಂದು ಸಂಗತಿಯನ್ನು ನಿಂತು ನೋಡಬೇಕು. ಸ್ವತಂತ್ರ ಪಕ್ಷ ರಾಷ್ಟ್ರೀಕರಣವನ್ನು ತೀವ್ರವಾಗಿ ವಿರೋಧಿಸುತ್ತಿದ್ದ ಪಕ್ಷ. ಆದರೆ 1955ರಲ್ಲಿ ಇಂಪೀರಿಯಲ್ ಬ್ಯಾಂಕನ್ನು ಸ್ಟೇಟ್ ಬ್ಯಾಂಕ್ ಮಾಡಿದಾಗ, 1956ರ ಜನವರಿ 19ರಂದು ಸುಗ್ರೀವಾಜ್ಞೆಯ ಮೂಲಕ ಜೀವ ವಿಮೆಯನ್ನು ಸರ್ಕಾರದ ಕೈಗೆ ತೆಗೆದುಕೊಂಡಾಗ ಹಣಕಾಸು ಮಂತ್ರಿಯಾಗಿದ್ದವರು ಇದೇ ದೇಶಮುಖ್. ಬೆಂಬಲಿಸಿದ ಪಕ್ಷದ ಬಣ್ಣ ನೋಡಿ ಅಭ್ಯರ್ಥಿಯ ಅರ್ಥನೀತಿಯನ್ನು ಊಹಿಸಿದವರು ಇಲ್ಲಿ ಮುಗ್ಗರಿಸುತ್ತಾರೆ.

ಇನ್ನು ನೀಲಂ ಸಂಜೀವ ರೆಡ್ಡಿ. 1913ರಲ್ಲಿ ಅನಂತಪುರ ಜಿಲ್ಲೆಯ ಇಲ್ಲೂರಿನಲ್ಲಿ ಹುಟ್ಟಿದವರು. 1956ರಲ್ಲಿ ಆಂಧ್ರಪ್ರದೇಶದ ಮೊದಲ ಮುಖ್ಯಮಂತ್ರಿ. ನಡುವೆ ಕಾಂಗ್ರೆಸ್ ಅಧ್ಯಕ್ಷಗಿರಿ. 1962ರಲ್ಲಿ ಮತ್ತೆ ಮುಖ್ಯಮಂತ್ರಿ. ಕರ್ನೂಲು ಜಿಲ್ಲೆಯ ಖಾಸಗಿ ಬಸ್ ಮಾರ್ಗಗಳನ್ನು ಸರ್ಕಾರ ವಹಿಸಿಕೊಳ್ಳುವ ಯೋಜನೆ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ಮಾರ್ಗಗಳನ್ನು ಆರಿಸಿದ ಉದ್ದೇಶದ ಬಗ್ಗೆಯೇ ನ್ಯಾಯಾಲಯ ಕಟುವಾಗಿ ಹೇಳಿದ್ದರಿಂದ 1964ರಲ್ಲಿ ಅವರು ಕುರ್ಚಿ ಬಿಟ್ಟರು. 1967ರಲ್ಲಿ, ಗೌರಿಬಿದನೂರು ದಾಟಿದರೆ ಸಿಗುವ ಹಿಂದೂಪುರದಿಂದ ಲೋಕಸಭೆಗೆ ಗೆದ್ದು ಸ್ಪೀಕರ್ ಆದರು. ಸ್ಪೀಕರ್ ಪಕ್ಷಾತೀತನಾಗಿರಬೇಕೆಂದು ಕಾಂಗ್ರೆಸ್ಸಿನ ಸದಸ್ಯತ್ವವನ್ನೂ ಬಿಟ್ಟರು. ಮೂವರಲ್ಲಿ ಪಕ್ಷದ ಸಂಘಟನೆಯೊಳಗೇ ಬೆಳೆದವರು ಇವರು, ಪಕ್ಷದ ಚೀಟಿಯನ್ನು ಹರಿದು ಹಾಕಿದವರೂ ಇವರೇ. ಆದರೂ ‘ಪಕ್ಷದ ಆಳು’ ಎಂಬ ಹಣೆಪಟ್ಟಿ ಬಿದ್ದದ್ದು ಇವರ ಮೇಲೆ.

ಆ ಹಣೆಪಟ್ಟಿ ಅಂಟಿದ್ದು ಬೆಂಗಳೂರಿನಲ್ಲಿ. ಮೇ 3ರಂದು ರಾಷ್ಟ್ರಪತಿ ಝಾಕಿರ್ ಹುಸೇನ್ ತೀರಿಕೊಂಡಿದ್ದರು. ಜುಲೈನಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನ. ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪ. ಜುಲೈ 12ರಂದು ಪಕ್ಷದ ಸಂಸದೀಯ ಮಂಡಳಿ ಬೆಂಗಳೂರಿನಲ್ಲೇ ಸೇರಿ, ಪ್ರಧಾನಿ ಸೂಚಿಸಿದ ಜಗಜೀವನ ರಾಮ್ ಅವರ ಹೆಸರನ್ನು ಬದಿಗಿಟ್ಟು ಬಹುಮತದಿಂದ ರೆಡ್ಡಿಯವರನ್ನು ಆರಿಸಿತು. ಉಪರಾಷ್ಟ್ರಪತಿಯಾಗಿ ಹಂಗಾಮಿ ರಾಷ್ಟ್ರಪತಿಯ ಕೆಲಸ ನೋಡುತ್ತಿದ್ದ ಗಿರಿ ಸ್ವತಂತ್ರವಾಗಿ ನಿಲ್ಲಲು ಹೊರಟರು. ಕನ್ನಡ ನಾಡಿಗೆ ಗಿರಿ ಹೊಸಬರಲ್ಲ. 1965ರಿಂದ 1967ರವರೆಗೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದರು, ಆಗ ಮುಖ್ಯಮಂತ್ರಿ ನಿಜಲಿಂಗಪ್ಪನವರೇ. ರಾಜಭವನ ಮತ್ತು ವಿಧಾನಸೌಧದಲ್ಲಿ ಎದುರುಬದುರು ಇದ್ದ ಇಬ್ಬರು ಎರಡೇ ವರ್ಷಕ್ಕೆ ದೇಶದ ಅತಿ ದೊಡ್ಡ ಜಿದ್ದಾಜಿದ್ದಿಯ ಎರಡು ಬದಿಗೆ ಬಂದರು.

ಮುಂದಿನದು ಒಂದೇ ವಾರದ ಕೆಲಸ. ಜುಲೈ 16ರಂದು ಮೊರಾರ್ಜಿ ದೇಸಾಯಿಯವರಿಂದ ಹಣಕಾಸು ಖಾತೆ ಕಿತ್ತುಕೊಂಡದ್ದಾಯಿತು. 19ರಂದು, 50 ಕೋಟಿ ರೂಪಾಯಿಗೆ ಮೇಲ್ಪಟ್ಟ ಠೇವಣಿಯಿದ್ದ 14 ಬ್ಯಾಂಕುಗಳನ್ನು ರಾಷ್ಟ್ರೀಕರಿಸುವ ಸುಗ್ರೀವಾಜ್ಞೆ ಹೊರಟಿತು. ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕ್, ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ ಎರಡೂ ಆ ಹದಿನಾಲ್ಕರಲ್ಲಿದ್ದವು. ಸುಗ್ರೀವಾಜ್ಞೆಗೆ ಸಹಿ ಹಾಕಿದ್ದು ಗಿರಿ. ಬ್ಯಾಂಕ್ ನೌಕರರಿಗಾಗಿ ಒಮ್ಮೆ ಮಂತ್ರಿಗಿರಿ ಬಿಟ್ಟವರು ಬ್ಯಾಂಕುಗಳನ್ನೇ ಸರ್ಕಾರದ್ದಾಗಿಸುವ ಕಾಗದಕ್ಕೆ ಸಹಿ ಹಾಕಿ, ಮರುದಿನ ಉಪರಾಷ್ಟ್ರಪತಿ ಹುದ್ದೆಗೂ ರಾಜೀನಾಮೆ ಕೊಟ್ಟರು. ಎರಡೂ ಕುರ್ಚಿ ಖಾಲಿಯಾದರೆ ಏನು ಗತಿ ಎಂಬುದಕ್ಕೆ ಸಂಸತ್ತು ಮೇ ತಿಂಗಳಲ್ಲೇ ಕಾಯ್ದೆ ಮಾಡಿಟ್ಟಿತ್ತು. ಅದರಂತೆ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಆಗಸ್ಟ್ 24ರವರೆಗೆ ರಾಷ್ಟ್ರಪತಿಯ ಹೊಣೆ ಹೊತ್ತರು.

ಇಲ್ಲಿಂದ ಮುಂದೆ ಮತದ ಯಂತ್ರವನ್ನು ಬಿಚ್ಚಿ ನೋಡದೆ ಏನೂ ಅರ್ಥವಾಗುವುದಿಲ್ಲ. ಮತದಾರರು ಸಂಸತ್ತಿನ ಮತ್ತು ವಿಧಾನಸಭೆಗಳ ಚುನಾಯಿತ ಸದಸ್ಯರು ಮಾತ್ರ. ವಿಧಾನ ಪರಿಷತ್ತಿನವರಿಗೆ, ನಾಮಕರಣಗೊಂಡವರಿಗೆ ಮತವಿಲ್ಲ. ಶಾಸಕನ ಮತದ ಬೆಲೆ ತಿಳಿಯಲು ರಾಜ್ಯದ ಜನಸಂಖ್ಯೆಯನ್ನು ವಿಧಾನಸಭೆಯ ಚುನಾಯಿತ ಸ್ಥಾನಗಳಿಂದ ಭಾಗಿಸಿ, ಬಂದದ್ದನ್ನು ಮತ್ತೆ 1,000ದಿಂದ ಭಾಗಿಸಬೇಕು. 1961ರ ಗಣತಿಯಲ್ಲಿ ಮೈಸೂರು ರಾಜ್ಯದ ಜನಸಂಖ್ಯೆ 2,35,86,772; ಸ್ಥಾನಗಳು 216. ಭಾಗಿಸಿದರೆ ಒಬ್ಬ ಶಾಸಕನ ಮತಕ್ಕೆ 109. ಇಡೀ ರಾಜ್ಯದ ತೂಕ 23,544. ಎಲ್ಲ ರಾಜ್ಯಗಳ ಇಂಥ ಮೊತ್ತವನ್ನು ಕೂಡಿ, ಸಂಸದರ ಸಂಖ್ಯೆಯಿಂದ ಭಾಗಿಸಿದರೆ ಸಂಸದನ ಮತದ ಬೆಲೆ. 1969ರಲ್ಲಿ ಅದು 576.

ಮತಪತ್ರದಲ್ಲಿ ಹೆಸರುಗಳ ಎದುರು 1, 2, 3 ಎಂದು ಅಂಕಿ ಬರೆಯಬೇಕು. ಕಡ್ಡಾಯವಾದದ್ದು 1 ಮಾತ್ರ. ‘ಒಂದು’ ಎಂದು ಅಕ್ಷರದಲ್ಲಿ ಬರೆದರೆ, ಇಬ್ಬರ ಎದುರು 1 ಹಾಕಿದರೆ, 1 ಬಿಟ್ಟು 2ರಿಂದ ಶುರು ಮಾಡಿದರೆ, ಗುರುತು ಹಿಡಿಯುವಂಥ ಗೀಟು ಎಳೆದರೆ ಮತ ಕುಲಗೆಟ್ಟಂತೆ. ಕಾನೂನು ಮಾಡುವವರೇ ಇದರಲ್ಲಿ ಎಡವುತ್ತಾರೆ ಎಂಬುದು ಬೇಸರದ ವಿಷಯ. 2022ರಲ್ಲೂ 53 ಮತಗಳು ಅಸಿಂಧುವಾದವು, ಅದರಲ್ಲಿ 15 ಸಂಸದರವು. ಈ ಚುನಾವಣೆಯಲ್ಲಿ ಪಕ್ಷ ವಿಪ್ ಕೊಡುವಂತಿಲ್ಲ, ಅಂದರೆ ಇಂಥವರಿಗೇ ಮತ ಹಾಕಿ ಎಂದು ಆದೇಶಿಸುವಂತಿಲ್ಲ, ಮತವೂ ಗುಪ್ತ. ರೆಡ್ಡಿಯವರ ನಾಮಪತ್ರಕ್ಕೆ ತಾವೇ ಸೂಚಕರಾಗಿ ಸಹಿ ಹಾಕಿದ್ದ ಇಂದಿರಾ ಗಾಂಧಿ, ಕೊನೆಗೆ ‘ಆತ್ಮಸಾಕ್ಷಿಯಂತೆ ಮತ ಹಾಕಿ’ ಎಂದದ್ದು ಈ ಗುಪ್ತತೆಯ ಬಲದ ಮೇಲೆ. ಇತ್ತ ನಿಜಲಿಂಗಪ್ಪನವರು ಸ್ವತಂತ್ರ ಪಕ್ಷ, ಜನಸಂಘಗಳ ನಾಯಕರನ್ನು ಕಂಡು, ನಿಮ್ಮ ಎರಡನೇ ಪ್ರಾಶಸ್ತ್ಯವನ್ನಾದರೂ ರೆಡ್ಡಿಯವರಿಗೆ ಕೊಡಿಸಿ ಎಂದು ಕೇಳಿದರು. ಆ ಭೇಟಿಯೇ ಎದುರು ಬಣಕ್ಕೆ ದೊಡ್ಡ ಅಸ್ತ್ರವಾಯಿತು. ನನ್ನ ಮಟ್ಟಿಗೆ ನಿಜಲಿಂಗಪ್ಪನವರ ಲೆಕ್ಕ ತಪ್ಪಾಗಿರಲಿಲ್ಲ. ಅಂಕಿಗಳನ್ನು ನೋಡಿದರೆ ಅದು ಗೊತ್ತಾಗುತ್ತದೆ.

ಒಟ್ಟು ಸಿಂಧು ಮತ 8,36,337. ಅರ್ಧ ಮಾಡಿ, ಅರೆಯನ್ನು ಬಿಟ್ಟು ಒಂದು ಕೂಡಿಸಿದರೆ 4,18,169ರ ಕೋಟಾ. ಕಣದಲ್ಲಿದ್ದವರು 15 ಮಂದಿ. ಐವರಿಗೆ ಸೊನ್ನೆ. ಉಳಿದ ಏಳು ಸಣ್ಣ ಅಭ್ಯರ್ಥಿಗಳಿಗೆ ಕೂಡಿ 8,505; ಅವರಲ್ಲೊಬ್ಬರಿಗೆ ಬಂದದ್ದು 576, ಅಂದರೆ ಸರಿಯಾಗಿ ಒಬ್ಬ ಸಂಸದನ ಮತದ ಬೆಲೆ. ಇವರನ್ನೂ ದೇಶಮುಖ್ ಅವರನ್ನೂ ಕೈಬಿಟ್ಟಾಗ ಹಂಚಲು ಸಿಕ್ಕಿದ್ದು 1,21,274. ಅದರಲ್ಲಿ ರೆಡ್ಡಿಯವರಿಗೆ ಹೋದದ್ದು 91,879, ಗಿರಿಯವರಿಗೆ 18,562. ಮಿಕ್ಕ 10,833ರಲ್ಲಿ ಮುಂದಿನ ಪ್ರಾಶಸ್ತ್ಯವನ್ನೇ ಬರೆದಿರಲಿಲ್ಲ ಅಥವಾ ಅದು ಆಗಲೇ ಹೊರಬಿದ್ದವರಿಗಿತ್ತು. ಕೊನೆಗೆ ಗಿರಿ 4,20,077, ರೆಡ್ಡಿ 4,05,427.

ಹಂಚಿಕೆಯಾದ ಮತಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ರೆಡ್ಡಿಯವರತ್ತ ಬಂದಿವೆ. ನಿಜಲಿಂಗಪ್ಪನವರು ಕೇಳಿದ್ದು ಸಿಕ್ಕಿತ್ತು. ಕೊರತೆಯಾದದ್ದು ಮೊದಲ ಸುತ್ತಿನ 87,967ರ ಅಂತರವನ್ನು ತುಂಬಲು. ಆ ಬರೆಯದೇ ಬಿಟ್ಟ 10,833 ಅಷ್ಟೂ ರೆಡ್ಡಿಯವರಿಗೇ ಬಂದಿದ್ದರೂ 3,817ರಿಂದ ಸೋಲುತ್ತಿದ್ದರು. ಎರಡನೇ ಪ್ರಾಶಸ್ತ್ಯದಿಂದ ಗಿರಿ ಗೆದ್ದರು ಎಂದು ಸಾಮಾನ್ಯವಾಗಿ ಹೇಳುವುದು ಅರ್ಧ ನಿಜ. ಎರಡನೇ ಪ್ರಾಶಸ್ತ್ಯ ಬಹುಪಾಲು ಅವರ ವಿರುದ್ಧವೇ ಬಿತ್ತು, ಮೊದಲ ಪ್ರಾಶಸ್ತ್ಯದ ದಾಸ್ತಾನು ಅವರನ್ನು ಕಾಪಾಡಿತು. ಅಂತಿಮ ಅಂತರ 14,650. ಗಿರಿಯವರ ಕಡೆಯಿಂದ 13 ಸಂಸದರು ಮಗ್ಗುಲು ಬದಲಿಸಿದ್ದರೆ ಫಲಿತಾಂಶ ತಿರುಗುತ್ತಿತ್ತು.

ಆಮೇಲೆ ನವೆಂಬರಿನಲ್ಲಿ ಕಾಂಗ್ರೆಸ್ ಒಡೆಯಿತು. ರೆಡ್ಡಿಯವರನ್ನು ಹೀನಾಯವಾಗಿ ಚಿತ್ರಿಸಿದ ಹೆಸರಿಲ್ಲದ ಕರಪತ್ರವೊಂದು ಸಂಸದರ ಕೈಗೆ ಹಂಚಿಕೆಯಾಗಿತ್ತು ಎಂಬ ದೂರಿನ ಮೇಲೆ ಗಿರಿಯವರ ಆಯ್ಕೆ ಸುಪ್ರೀಂ ಕೋರ್ಟಿಗೆ ಹೋಯಿತು. ಹುದ್ದೆಯಲ್ಲಿದ್ದ ರಾಷ್ಟ್ರಪತಿ ತಾವೇ ನ್ಯಾಯಾಲಯಕ್ಕೆ ಬಂದು ಸಾಕ್ಷಿ ನುಡಿದರು. 1970ರಲ್ಲಿ ಅರ್ಜಿ ವಜಾ ಆಯಿತು. ಒಬ್ಬ ಸೂಚಕ, ಒಬ್ಬ ಅನುಮೋದಕ ಸಿಕ್ಕರೆ ಯಾರು ಬೇಕಾದರೂ ನಿಲ್ಲಬಹುದಾಗಿದ್ದ ನಿಯಮವನ್ನು 1974ರಲ್ಲಿ ಬಿಗಿ ಮಾಡಿ, ಹತ್ತು ಸೂಚಕರು, ಹತ್ತು ಅನುಮೋದಕರು, 2,500 ರೂಪಾಯಿ ಠೇವಣಿ ಎಂದು ಮಾಡಿದರು. 1997ರಿಂದ ಅದು ಐವತ್ತು, ಐವತ್ತು ಮತ್ತು 15,000. ಬಿಗಿಯಾದ ಆ ನಿಯಮದ ಕೆಳಗೆ 1977ರಲ್ಲಿ ಮತ್ತೆ ರಾಷ್ಟ್ರಪತಿ ಚುನಾವಣೆ ಬಂದಾಗ ನಾಮಪತ್ರ ಹಾಕಿದವರು 37 ಮಂದಿ. 36 ಜನರ ನಾಮಪತ್ರ ತಿರಸ್ಕಾರವಾಯಿತು. ಉಳಿದ ಒಂದೇ ಹೆಸರು ನೀಲಂ ಸಂಜೀವ ರೆಡ್ಡಿಯವರದು. ಎಣಿಸಲು ಒಂದು ಮತಪತ್ರವೂ ಇರಲಿಲ್ಲ.