ತಾಸಿಗೊಂದು ಫ್ರೇಮ್: ಇಳಕಲ್ ಮಗ್ಗದ ಪ್ರಾಜೆಕ್ಟ್ ಎಲ್ಲಿಗೆ ಬಂತು

ಇಳಕಲ್ ಸೀರೆ ನೇಯುವ ಕಾಕಾನ ಮಗ್ಗದ ಫೋಟೊ ತಾಸಿಗೊಂದು ತೆಗೆದು, ಅವನ್ನು ಕೂಡಿಸಿ ಚಿತ್ರ ಮಾಡುತ್ತಿದ್ದೇನೆ. ಕ್ಯಾಮೆರಾ ಅಲುಗಾಟ ಅಂತೂ ನಿಂತಿತು. ಫೋನ್ ಸ್ಟ್ಯಾಂಡ್ ಮಗ್ಗದ ಕಂಬಕ್ಕಿದ್ದಾಗ ಕಾಕಾ ಹಣಿಗೆ (ನೂಲನ್ನು ಒತ್ತಿ ಕೂಡಿಸುವ ಬಾಚಣಿಗೆ) ಬಡಿದಾಗೆಲ್ಲ ಚಿತ್ರ ಮಸುಕಾಗುತ್ತಿತ್ತು. ಈಗ ಅದು ಎದುರಿನ ಗೋಡೆಗೆ ಹೋಗಿದೆ. ಎಲ್‌ಇಡಿ ಬಲ್ಬಿನ ಬೆಳಕಿಗೆ ಫೋಟೊದಲ್ಲಿ ಬೀಳುತ್ತಿದ್ದ ಅಡ್ಡಪಟ್ಟಿಗಳೂ ಮಾಯ: ನಮ್ಮ ಕರೆಂಟು 50 ಹರ್ಟ್ಸ್, ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತದೆ, ಶಟರ್ 1/100 ಸೆಕೆಂಡಿಗೆ ಇಟ್ಟರೆ ಸಾಕು.

ಈ ಹುಚ್ಚಿಗೆ ಕಾರಣ ಟೆಹ್‌ಚಿಂಗ್ ಶಿಯೆ. ತೈವಾನಿನ ಕಲಾವಿದ, 1974ರಲ್ಲಿ ನಾವಿಕನಾಗಿ ಬಂದು, ಹಡಗಿನಿಂದಿಳಿದು ಅಮೆರಿಕದಲ್ಲೇ ಉಳಿದ. ಕಾಗದಪತ್ರ ಇಲ್ಲ, ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಕೆಲಸ. 1980ರ ಏಪ್ರಿಲ್ 11ರಿಂದ ಒಂದು ವರ್ಷ, ನ್ಯೂಯಾರ್ಕಿನ ತನ್ನ ಸ್ಟುಡಿಯೊದಲ್ಲಿ, ಹಗಲು ರಾತ್ರಿ ಪ್ರತಿ ತಾಸಿಗೊಮ್ಮೆ ಕಾರ್ಖಾನೆಯ ಹಾಜರಿ ಗಡಿಯಾರ ಒತ್ತಿದ, ಅದೇ ಅವನ ಕಲಾಕೃತಿ. ಒತ್ತಿದಾಗೊಮ್ಮೆ 16 ಎಂಎಂ ಫಿಲ್ಮಿನಲ್ಲಿ ಒಂದೇ ಫ್ರೇಮ್. ಮೊದಲ ದಿನ ತಲೆ ಬೋಳಿಸಿದ್ದ. ಸುಮಾರು ಆರು ನಿಮಿಷದ ಆ ಚಿತ್ರದಲ್ಲಿ ಕೂದಲು ಹೆಗಲಿಗಿಳಿಯುತ್ತದೆ. 8,760 ತಾಸಿನಲ್ಲಿ ತಪ್ಪಿದ್ದು 133. ಅದರಲ್ಲಿ 94 ನಿದ್ದೆಯಿಂದ. ತಪ್ಪಿದ್ದನ್ನೂ ಲೆಕ್ಕವಿಟ್ಟು ತೋರಿಸಿದ ನೋಡಿ, ಅಲ್ಲಿ ನಾನು ಬಿದ್ದೆ.

ಕಾಕಾಗೆ ಹೇಳಿದರೆ, "ಅಲ್ಲೋ ತಮ್ಮಾ, ಏನೂ ಮಾಡಲಾರದ ಬರೇ ಹಾಜರಿ ಒತ್ತಿದ್ನಾ? ಪಗಾರ ಯಾರ್ ಕೊಟ್ರಪಾ?"

ಯಾರೂ ಕೊಡಲಿಲ್ಲ. ಅವನ ಹತ್ತಿರ ತಾಸಿನ ಲೆಕ್ಕವಿತ್ತು, ಸರಕಿರಲಿಲ್ಲ. ಕಾಕಾ ಹತ್ತಿರ ಸರಕಿದೆ, ತಾಸಿನ ಲೆಕ್ಕ ಯಾರೂ ಇಟ್ಟಿಲ್ಲ, ಕೂಲಿ ಸೀರೆಗೆ. ನನ್ನ ಪ್ರಾಜೆಕ್ಟ್ ಇಷ್ಟೇ.

ನಿಯಮ: ಮುಂಜಾನೆ 7ರಿಂದ ಸಂಜೆ 6ರವರೆಗೆ ತಾಸಿಗೊಂದು, ದಿನಕ್ಕೆ 12 ಫೋಟೊ. ಸೆಕೆಂಡಿಗೆ 12 ಫ್ರೇಮ್ ಓಡಿಸಿದರೆ ಒಂದು ದಿನ ಒಂದು ಸೆಕೆಂಡ್. ಶಿಯೆಯದು ದಿನಕ್ಕೆ 24, ಸೆಕೆಂಡಿಗೂ 24, ಅವನಿಗೂ ದಿನಕ್ಕೊಂದೇ ಸೆಕೆಂಡ್. ಅವನ ಹಾಜರಿ ಕಾರ್ಡುಗಳಿಗೆ ಸಾಕ್ಷಿಯ ಸಹಿ ಇರುತ್ತಿತ್ತು. ನನ್ನ ತಾಸಿನ ಲೆಕ್ಕದ ಹಾಳೆಗೆ ಚಿಗವ್ವ ಸಹಿ ಹಾಕುತ್ತಾಳೆ, ಬೈಯುತ್ತಲೇ.

ಇಲ್ಲಿಯವರೆಗಿನದನ್ನು ಓಡಿಸಿ ನೋಡಿದೆ. ಸೀರೆ ಬೆಳೆಯುವ ಫ್ರೇಮುಗಳು ಚಂದ, ಆದರೆ ಊಹಿಸಿದ್ದೇ. ತೋಪು ತೆನಿ ಹಾಕುವ ಹೊತ್ತಿನವು ಬೇರೆ. ಸೆರಗಿನ ಹಾಸಿನ (ಉದ್ದಕ್ಕೆ ಬಿಗಿದ) ಎಳೆಗಳನ್ನು ಮೈಯ ಹಾಸಿಗೆ ಕುಣಿಕೆಯಿಂದ ಕುಣಿಕೆಗೆ ಕೂಡಿಸುವ ಕೆಲಸ ಅದು. ಲಾಳಿ ಓಡುವುದಿಲ್ಲ, ಬಟ್ಟೆ ಬೆರಳಷ್ಟೂ ಮುಂದೆ ಹೋಗುವುದಿಲ್ಲ, ಕಾಕಾನ ಬೆನ್ನು ಮಾತ್ರ ಫ್ರೇಮಿನಿಂದ ಫ್ರೇಮಿಗೆ ಬಾಗುತ್ತ ಹೋಗುತ್ತದೆ. ಅವನ್ನು ತೆಗೆದರೆ ಓಟ ಚುರುಕಾಗುತ್ತದೆ ಅಂದ ಗೆಳೆಯ. ತೆಗೆಯುವುದಿಲ್ಲ.

ಕರೆಂಟ್ ಹೋದ ತಾಸಿನ ಕಪ್ಪು ಫ್ರೇಮುಗಳೂ ಇರುತ್ತವೆ. ಮುಂದಿನ ಕೆಲಸ ಹಾಳೆಗಳ ಸ್ಕ್ಯಾನಿಂಗ್; ಆಮೇಲೆ ಹೊಸ ಸೆರಗಿನ ತೆನಿ, ಈ ಸಲ ಬೆರಳುಗಳಿಗೆ ಹತ್ತಿರದಿಂದ ಎರಡನೇ ಫೋನ್.