ಇಡೀ ಜೀನ್‌ಗೆ ಒಂದೇ ಟ್ರೀ ಹಾಕಿ ನಂಬ್ಕೋಬೇಡಿ

ನಂದು ಬಯೋಇನ್ಫರ್ಮ್ಯಾಟಿಕ್ಸ್ ಕೆಲಸ, ಡಿಎನ್‌ಎ ಸೀಕ್ವೆನ್ಸ್‌ಗಳನ್ನ ಅಲೈನ್ ಮಾಡೋದು (ಒಂದರ ಕೆಳಗೊಂದು ಜೋಡ್ಸಿ ಹೋಲ್ಸೋದು), ಟ್ರೀ ಹಾಕೋದು, ಅಂದ್ರೆ ಯಾವ ಜೀನ್ ಯಾವ್ದಕ್ಕೆ ಹತ್ತಿರದ ಸಂಬಂಧಿ ಅಂತ ವಂಶವೃಕ್ಷ ಬಿಡ್ಸೋದು, ಬೆಳಗ್ಗೆಯಿಂದ ಸಂಜೆವರೆಗೂ ಇದೇ. ಟೀಮಿಗೆ ಹೊಸಬ್ರು ಯಾರೇ ಬಂದ್ರೂ ನಾನು ಮೊದಲು ಕೊಡೋದು ಟಿಎಲ್‌ಆರ್1, ಟಿಎಲ್‌ಆರ್6 ಅನ್ನೋ ಜೀನ್ ಜೋಡಿ. ಬೇಕಂತಲೇ ಕೊಡ್ತೀನಿ.

ಎರಡೂ ಬ್ಯಾಕ್ಟೀರಿಯಾ ಪತ್ತೆ ಹಚ್ಚೋ ರಿಸೆಪ್ಟರ್‌ಗಳು, ಅಂದ್ರೆ ಹೊರಗಿನ ಸುಳಿವು ಹಿಡ್ದು ಸೆಲ್ ಒಳಗೆ ಸುದ್ದಿ ಮುಟ್ಸೋ ಪ್ರೋಟೀನ್‌ಗಳು. ಮನುಷ್ಯರಲ್ಲಿ 4ನೇ ಕ್ರೋಮೋಸೋಮ್ ಮೇಲೆ ಇವುಗಳ ಜೀನ್‌ಗಳು ಇದೇ ಕುಟುಂಬದ ಟಿಎಲ್‌ಆರ್10 ಜೊತೆ ಅಕ್ಕಪಕ್ಕದಲ್ಲೇ ಇವೆ, ಯಾವ್ದೋ ಕಾಲದಲ್ಲಿ ಒಂದೇ ಜೀನ್ ಡೂಪ್ಲಿಕೇಟ್ ಆಗಿ ಹುಟ್ಟಿದ್ದು. ಹಂಗಿದ್ಮೇಲೆ ಎಲ್ಲಾ ಸಸ್ತನಿಗಳ ಟಿಎಲ್‌ಆರ್1 ಒಂದು ಗುಂಪು, ಟಿಎಲ್‌ಆರ್6 ಇನ್ನೊಂದು ಗುಂಪು ಆಗ್ಬೇಕು ತಾನೇ? ರಿಸೆಪ್ಟರ್‌ನ ಹೊರಗಿನ ಭಾಗ ಮಾತ್ರ ತಗೊಂಡ್ರೆ ಹೆಚ್ಚುಕಡಿಮೆ ಹಂಗೇ ಬರತ್ತೆ. ಆದ್ರೆ ಸೆಲ್ ಒಳಗಡೆ ಇರೋ ಭಾಗ, ಅಂದ್ರೆ ಟಿಐಆರ್ ಡೊಮೇನ್ ಮಾತ್ರ ತಗೊಳ್ಳಿ, ಮನುಷ್ಯನ ಟಿಎಲ್‌ಆರ್1 ಸೀದಾ ಮನುಷ್ಯನ 6ರ ಪಕ್ಕ ಬಂದು ಕೂರತ್ತೆ, ಇನ್ನೂ ಎಷ್ಟೋ ಸಸ್ತನಿಗಳದ್ದೂ ಇದೇ ಕತೆ. ಅದನ್ನ ನೋಡಿ ಹೊಸಬ್ರು "ಸರ್, ಒಂದೊಂದು ಪ್ರಾಣಿಲೂ ಬೇರೆಬೇರೆಯಾಗಿ ಡೂಪ್ಲಿಕೇಷನ್ ಆಗಿದೆ" ಅಂತ ರಿಪೋರ್ಟ್ ಬರೀತಾರೆ. ಇಡೀ ಜೀನ್ ಹಾಕಿದ್ರಂತೂ ಎರಡು ಚರಿತ್ರೆ ಕಲಸಿ ಏನೋ ಒಂದು ಬರತ್ತೆ, ಟ್ರೀನ ಎಷ್ಟು ನಂಬಬಹುದು ಅಂತ ಹೇಳೋ ಬೂಟ್‌ಸ್ಟ್ರ್ಯಾಪ್ ನಂಬರ್ ಮಾತ್ರ ಚೆನ್ನಾಗೇ ಇರ್ಬಹುದು.

ಕಾರಣ ಜೀನ್ ಕನ್ವರ್ಷನ್. ಡಿಎನ್‌ಎ ಕಟ್ ಆದಾಗ ರಿಪೇರಿಗೆ ಸೆಲ್ ಒಂದು ಮಾದರಿ ಹುಡುಕತ್ತೆ, ಪಕ್ಕದಲ್ಲೇ ಅದೇ ಥರದ ಜೀನ್ ಇದ್ರೆ ಪರೀಕ್ಷೇಲಿ ಪಕ್ಕದೋನ ಪೇಪರ್ ನೋಡಿದಂಗೆ ಒಂದು ತುಂಡನ್ನ ಕಾಪಿ ಹೊಡ್ಯತ್ತೆ. ಕೊಟ್ಟ ಜೀನ್‌ಗೆ ಏನೂ ಆಗಲ್ಲ, ತಗೊಂಡ ಜೀನ್‌ದು ಆ ಜಾಗದ ಹಳೇ ಸೀಕ್ವೆನ್ಸ್ ಅಳಿಸಿ ಹೋಗತ್ತೆ. ಅದಕ್ಕೇ ಒಂದೇ ಪ್ರಾಣಿಯ 1, 6 ಆ ಜಾಗದಲ್ಲಿ ಒಂದೇ ಥರ ಕಾಣೋದು, ಹೊಸದಾಗಿ ಡೂಪ್ಲಿಕೇಟ್ ಆಗಿದ್ದಕ್ಕಲ್ಲ.

ಸರಿ, ಈ ಕಾಪಿ ಒಳಗಿನ ಭಾಗದಲ್ಲೇ ಯಾಕೆ ಇಷ್ಟು ಉಳ್ಕೊಂಡಿದೆ? ನನಗೆ ಇಷ್ಟ ಆಗೋದೇ ಇದು. ಟಿಐಆರ್ ಕೆಲಸ ಎರಡರಲ್ಲೂ ಒಂದೇ, ಮೈಡಿ88 ಪ್ರೋಟೀನ್ ಮೂಲಕ ಸಿಗ್ನಲ್ ಕಳ್ಸೋದು, ಹಾಗಾಗಿ ಒಂದರದ್ದು ಇನ್ನೊಂದಕ್ಕೆ ಬಂದ್ರೆ ನಷ್ಟ ಇಲ್ಲ. ಹೊರಗಿನ ಭಾಗ ಹಂಗಲ್ಲ. ಟಿಎಲ್‌ಆರ್2 ಅನ್ನೋ ಇನ್ನೊಂದು ರಿಸೆಪ್ಟರ್ ಜೊತೆ ಸೇರ್ಕೊಂಡು 1 ಹಿಡಿಯೋದು ಮೂರು ಕೊಬ್ಬಿನ ಬಾಲ ಇರೋ ಲಿಪೊಪೆಪ್ಟೈಡ್ (ಕೊಬ್ಬು ಅಂಟಿರೋ ಪ್ರೋಟೀನ್ ತುಂಡು), 6 ಹಿಡಿಯೋದು ಎರಡು ಬಾಲದ್ದು. 2007ರಲ್ಲಿ ಬಂದ ಪ್ರೋಟೀನ್‌ನ 3ಡಿ ಸ್ಟ್ರಕ್ಚರ್‌ನಲ್ಲಿ 1ರೊಳಗೆ ಮೂರನೇ ಬಾಲಕ್ಕೆ ಅಂತ ಒಂದು ಸುರಂಗ ಕಾಣ್ತು, 2009ರಲ್ಲಿ 6ರದ್ದು ಬಂದಾಗ ಅದೇ ಜಾಗನ ಫಿನೈಲ್‌ಅಲನೈನ್ ಅನ್ನೋ ಅಮೈನೋ ಆಮ್ಲ ಎರಡು ಕಡೆ ಕೂತು ಮುಚ್ಚಿರೋದು ಕಾಣ್ತು. ಆ ಎರಡನ್ನ ಬದಲಾಯ್ಸಿದ್ರೆ 6 ಕೂಡ ಮೂರು ಬಾಲದ್ದಕ್ಕೆ ರೆಸ್ಪಾಂಡ್ ಮಾಡತ್ತೆ. ಅಲ್ಲಿಗೆ 1ರ ಕಾಪಿ ಬಂದು ಬಿದ್ರೆ ಎರಡು ಜೀನ್ ಇಟ್ಕೊಂಡಿದ್ದಕ್ಕೆ ಅರ್ಥವೇ ಇರಲ್ಲ, ಸೆಲೆಕ್ಷನ್ ಅಂಥವನ್ನ ಉಳಿಯೋಕೆ ಬಿಡಲ್ಲ.

ಶಾರ್ಟ್ ರೀಡ್ ಡೇಟಾ (ಡಿಎನ್‌ಎನ ಚಿಕ್ಕ ಚಿಕ್ಕ ತುಂಡುಗಳಾಗಿ ಓದಿದ್ದು) ಇಟ್ಕೊಂಡು ಕೆಲಸ ಮಾಡೋರಿಗೆ ಇನ್ನೊಂದು ತಲೆನೋವು. ಟಿಐಆರ್ ಜಾಗದ 150 ಬೇಸ್ ರೀಡ್ 1ಕ್ಕೆ ಸೇರಿದ್ದೋ 6ಕ್ಕೋ ಅಂತ ತುಂಡಿನ ಜಾಗ ಹುಡುಕೋ ಸಾಫ್ಟ್‌ವೇರ್ ಮ್ಯಾಪರ್‌ಗೆ ಗೊತ್ತಾಗದೇ ಇರ್ಬಹುದು, ಆಗ ಮ್ಯಾಪಿಂಗ್ ಕ್ವಾಲಿಟಿ 0, ಅಂದ್ರೆ ಜಾಗ ಖಾತ್ರಿ ಇಲ್ಲ ಅಂತ ಕೊಡತ್ತೆ, ಫಿಲ್ಟರ್ ಅದನ್ನ ಎತ್ತಿ ಬಿಸಾಕತ್ತೆ, ಆಮೇಲೆ "ಇಲ್ಲಿ ವೇರಿಯಂಟೇ (ಸೀಕ್ವೆನ್ಸ್ ವ್ಯತ್ಯಾಸವೇ) ಇಲ್ಲ" ಅಂತ ಟೇಬಲ್ ರೆಡಿ. ವೇರಿಯಂಟ್ ಇಲ್ಲ ಅಂದ್ರೆ ಮೊದಲು ಆ ಜಾಗದ ಕವರೇಜ್, ಅಂದ್ರೆ ಅಲ್ಲಿ ಎಷ್ಟು ರೀಡ್ ಕೂತಿದೆ ಅಂತ ತೆಗೆದು ನೋಡಿ, ಲಾಂಗ್ ರೀಡ್ ಸಿಕ್ಕಿದ್ರೆ ಅದನ್ನೇ ತಗೊಳ್ಳಿ. ಟ್ರೀ ಹಾಕೋ ಮುಂಚೆ ಅಲೈನ್‌ಮೆಂಟ್ ಮೇಲೆ ವಿಂಡೋ ಸರಿಸ್ತಾ 1ಕ್ಕೂ 6ಕ್ಕೂ ಎಷ್ಟು ವ್ಯತ್ಯಾಸ ಅಂತ ಒಂದು ಪ್ಲಾಟ್ ಹಾಕಿ, ಗೆರೆ ಎಲ್ಲಿ ಧಡಕ್ಕಂತ ಕೆಳಗೆ ಬೀಳತ್ತೋ ಅಲ್ಲಿ ಜೀನ್ ಕತ್ತರಿಸಿ ಎರಡು ಟ್ರೀ ಹಾಕಿ.