ಬೆನ್ನ ಹಿಂದೆ ಕೂತವರನ್ನು ನಾನು ನೋಡಿಲ್ಲ

"31 ವರ್ಷ ಬಸ್ ಓಡಿಸಿದಿರಿ. ಬಗೆಬಗೆಯ ಜನ ಸಿಕ್ಕಿರಬೇಕು. ಮರೆಯಲಾಗದ ಪ್ರಯಾಣಿಕರು ಯಾರು? ಒಂದು ಕತೆ ಹೇಳಿ ನೋಡೋಣ."

ಮದುವೆ ಮನೆಯಲ್ಲಿ ಊಟಕ್ಕೆ ಕೂತರೆ ಪಕ್ಕದ ಎಲೆಯವರು ಕೇಳುತ್ತಾರೆ. ಕ್ಷೌರದಂಗಡಿಯಲ್ಲಿ ಕೇಳುತ್ತಾರೆ. ನಿವೃತ್ತನಾದ ಮೇಲೆ ಇನ್ನೂ ಜಾಸ್ತಿಯಾಗಿದೆ. ಇವನಿಗೀಗ ಪುರುಸೊತ್ತಿದೆ, ಹೇಳಲಿ ಬಿಡು ಅಂತ ಇರಬೇಕು. ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಒಂದು ಸಲ ಬರೆದುಬಿಡುತ್ತೇನೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಓದಿ ಅನ್ನುತ್ತೇನೆ.

ಮೊದಲು ಇದನ್ನು ತಿಳಿದುಕೊಳ್ಳಿ. ಪ್ರಯಾಣಿಕರು ಸಿಗುವುದು ಕಂಡಕ್ಟರಿಗೆ, ಡ್ರೈವರಿಗಲ್ಲ. ಡ್ರೈವರಿಗೆ ಅವರು ಬೆನ್ನ ಹಿಂದೆ ಇರುತ್ತಾರೆ. ನನಗೆ ಗೊತ್ತಿದ್ದದ್ದು ದನಿಗಳು, ಕೆಮ್ಮು, ಮಗುವಿನ ಅಳು, ಕಂಡಕ್ಟರಿನ ಗಂಟೆ. ಒಂದು ಹೊಡೆದರೆ ನಿಲ್ಲಿಸಬೇಕು, ಎರಡು ಹೊಡೆದರೆ ಹೊರಡಬೇಕು. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಎಷ್ಟೋ ಜಾತ್ರೆಗೆ ವಿಶೇಷ ಬಸ್ ಓಡಿಸಿದ್ದೇನೆ. ಸಾವಿರಾರು ಜನರನ್ನು ತಂದು ಇಳಿಸಿದ್ದೇನೆ. ಒಂದು ಮುಖವೂ ನೆನಪಿಲ್ಲ.

ಕೇಳುವವರಿಗೆ ಈ ಉತ್ತರ ಬೇಕಿರುವುದಿಲ್ಲ. "ದೇವಿಮನೆ ಘಟ್ಟದಲ್ಲಿ ರಾತ್ರಿ ಬಿಳಿ ಸೀರೆಯವಳು ಕೈ ಮಾಡಿದ್ದಳಾ?" ಅನ್ನುತ್ತಾರೆ. ಇಲ್ಲ. ಶಿರಸಿ–ಕುಮಟಾ ರೂಟಿನಲ್ಲಿ ಹದಿನೈದು ವರ್ಷ ಓಡಾಡಿದ್ದೇನೆ. ಮಂಜು ಕಂಡಿದ್ದೇನೆ, ಅಡ್ಡ ಬಿದ್ದ ಮರ ಕಂಡಿದ್ದೇನೆ, ತಿರುವಿನಲ್ಲಿ ಕೆಟ್ಟು ನಿಂತ ಲಾರಿ ಕಂಡಿದ್ದೇನೆ. ರಾತ್ರಿ ಹೊತ್ತು ಅವು ಮೂರಕ್ಕೇ ಹೆದರಬೇಕು. "ಬಸ್ಸಿನಲ್ಲೇ ಹೆರಿಗೆ ಆಗಿತ್ತಾ?" ಅನ್ನುತ್ತಾರೆ. ಅದೂ ಇಲ್ಲ. ನೋವು ಬಂದವಳನ್ನು ಒಮ್ಮೆ ಆಸ್ಪತ್ರೆ ಬಾಗಿಲಿಗೇ ಕರೆದುಕೊಂಡು ಹೋದೆ. ಅವಳ ಮುಖ ನೋಡಲಿಲ್ಲ, ರಸ್ತೆ ನೋಡುತ್ತಿದ್ದೆ.

ನಾನು ಹಾನಗಲ್ ಕಡೆಯವನು. ಕಾರವಾರದ ಡಿಪೋಕ್ಕೆ ಹಾಕಿದಾಗ ನನಗೆ ಕೊಂಕಣಿ ಒಂದಕ್ಷರ ಬರುತ್ತಿರಲಿಲ್ಲ. ಮೊದಲು ಕಲಿತ ಮಾತು "ರಾವ್". ನಿಲ್ಲು ಅಂತ. ಮೀನು ಮಾರುವ ಹೆಂಗಸರು ಬುಟ್ಟಿ ತಲೆ ಮೇಲಿಟ್ಟುಕೊಂಡು "ರಾವ್, ರಾವ್" ಎಂದು ಕೂಗುತ್ತ ಬರುತ್ತಿದ್ದರು. ಕಾರವಾರದ ಪೇಟೆಯಲ್ಲಿ ಮೀನು ಕೊಂಡು ಕಾಳಿ ನದಿಯ ದಂಡೆಯ ಹಳ್ಳಿಗಳಿಗೆ ಹೋಗುವವರು. ಬುಟ್ಟಿಯ ನೀರು ಸೋರುತ್ತದೆ, ವಾಸನೆ ಬರುತ್ತದೆ ಎಂದು ಬೇರೆಯವರು ಗೊಣಗುತ್ತಿದ್ದರು. ನಾನು ಕಾಯುತ್ತಿದ್ದೆ. ಮೀನು ಹೊತ್ತು ಹೋಗುವವಳಿಗೆ ಬಸ್ ತಪ್ಪಿದರೆ ಆ ದಿನದ ದುಡಿಮೆಯೇ ಹೋಯಿತು.

ಅವರಲ್ಲೊಬ್ಬಳು ನನ್ನ ಸೀಟಿನ ಪಕ್ಕ ಎರಡು ಬಂಗಡೆ ಇಟ್ಟಳು, ಎಲೆಯಲ್ಲಿ ಸುತ್ತಿ. ನಾನು ಮೀನು ತಿನ್ನುವುದಿಲ್ಲ ಎಂದೆ. ಅವಳಿಗೆ ನಂಬಿಕೆ ಬರಲಿಲ್ಲ. ಇಡೀ ಬಸ್ಸಿಗೆ ಕೇಳುವ ಹಾಗೆ ಕೊಂಕಣಿಯಲ್ಲಿ ಏನೋ ಹೇಳಿದಳು. ಎಲ್ಲರೂ ನಕ್ಕರು. ಹಾಗಾದರೆ ಇವನು ಅನ್ನಕ್ಕೆ ಏನು ಕಲಸಿಕೊಳ್ಳುತ್ತಾನೆ ಅಂತ ಕೇಳಿದ್ದಂತೆ, ಕಂಡಕ್ಟರ್ ಹೇಳಿದ. ಮಾರನೇ ವಾರ ಅವಳೇ ಒಂದು ಪೊಟ್ಟಣ ಮುರುಗಲು ಸಿಪ್ಪೆ ತಂದುಕೊಟ್ಟಳು. ಹೆಂಡತಿ ಸಾರು ಮಾಡಿದಳು. ಆ ವರ್ಷದಿಂದ ನಮ್ಮ ಮನೆಯಲ್ಲಿ ಮುರುಗಲು ಇಲ್ಲದ ಬೇಸಿಗೆ ಇಲ್ಲ.

ಸೇತುವೆ ಬಗ್ಗೆಯೂ ಕೇಳುತ್ತಾರೆ. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ಹಳೆ ಸೇತುವೆ ಕುಸಿಯಿತಲ್ಲ, ಒಂದು ಲಾರಿ ನದಿಗೆ ಬಿತ್ತು. ಚಾಲಕನನ್ನು ಜೀವಂತ ಮೇಲೆತ್ತಿದರು. ಆಗ ನಾನು ಮಾಜಾಳಿ ರೂಟಿನಲ್ಲಿದ್ದೆ. ಮುಂಚಿನ ಸಂಜೆ ಅದೇ ಸೇತುವೆ ಮೇಲೆ ಬಸ್ ತುಂಬ ಜನ ಇಟ್ಟುಕೊಂಡು ಬಂದಿದ್ದೆ. ಪಕ್ಕದ ಹೊಸ ಸೇತುವೆಯಲ್ಲಿ ಸಂಚಾರ ಬಿಟ್ಟ ಮೇಲೆ ಮೊದಲ ಸಲ ಹೋದಾಗ, ಸೇತುವೆ ಶುರುವಾದಲ್ಲಿಂದ ಮುಗಿಯುವ ತನಕ ಬಸ್ಸಿನಲ್ಲಿ ಒಂದು ದನಿ ಇಲ್ಲ. ಸದಾಶಿವಗಡದ ದಡ ಮುಟ್ಟಿದ ಮೇಲೆ ಯಾರೋ ಕೆಮ್ಮಿದರು. ಆಮೇಲೆ ಎಲ್ಲರೂ ಒಟ್ಟಿಗೆ ಮಾತಿಗೆ ತೊಡಗಿದರು. ಅವರಲ್ಲಿ ಯಾರ ಮುಖವೂ ನನಗೆ ಗೊತ್ತಿಲ್ಲ. ಆ ಮೌನ ಗೊತ್ತು.

ಡ್ರೈವರ್ ಮುಖ ನೋಡುವುದು ಒಂದೇ ಹೊತ್ತಿನಲ್ಲಿ. ಜನ ರಸ್ತೆ ಬದಿ ನಿಂತು ಕೈ ಮಾಡುವಾಗ. ಅದು ನಾಲ್ಕೈದು ಸೆಕೆಂಡು. ಅಷ್ಟರಲ್ಲಿ ನಿಲ್ಲಿಸಬೇಕೋ ಬೇಡವೋ ಎಂದು ನಿರ್ಧಾರ ಮಾಡಬೇಕು. ಬಸ್ ತುಂಬಿರುತ್ತದೆ. ಹೊತ್ತು ಮೀರಿರುತ್ತದೆ. ಲೀಟರಿಗೆ ಎಷ್ಟು ಕಿಲೋಮೀಟರ್ ಬಂತು ಅಂತ ಡಿಪೋದಲ್ಲಿ ಲೆಕ್ಕ ಇಡುತ್ತಾರೆ. ಪ್ರತಿ ಸಲ ನಿಲ್ಲಿಸಿ ಎಬ್ಬಿಸಿದರೂ ಡೀಸೆಲ್ ಜಾಸ್ತಿ ಕುಡಿಯುತ್ತದೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ತುಂಬಿದ ಬಸ್ ನಿಲ್ಲದಿದ್ದರೆ "ಫ್ರೀ ಅಂತ ನಮ್ಮನ್ನು ಬಿಟ್ಟು ಹೋದ" ಎಂದು ಹೆಂಗಸರು ಬೈಯುತ್ತಿದ್ದರು. ಅವರ ಸಿಟ್ಟು ಸುಳ್ಳಲ್ಲ. ಹಾಗೆ ಬಿಟ್ಟು ಹೋದವರು ಇದ್ದಾರೆ. ಹೆಂಗಸರಿಂದ ಬಸ್ ಹಾಳಾಯಿತು ಅನ್ನುವವರ ಮಾತು ಮಾತ್ರ ನನಗೆ ಸಹಿಸಲಾಗುವುದಿಲ್ಲ. ಮೀನು ಬುಟ್ಟಿ ಹೊತ್ತವಳು ಸೆರಗಿನ ಗಂಟು ಬಿಚ್ಚಿ ಚಿಲ್ಲರೆ ಎಣಿಸುವ ಸದ್ದನ್ನು ನಾನು ವರ್ಷಗಟ್ಟಲೆ ಕೇಳಿದ್ದೇನೆ. ಅದು ನಿಂತಿದ್ದು ಒಳ್ಳೆಯದೇ ಆಯಿತು.

ಹಾಗಾಗಿ ನನ್ನನ್ನು ಕೇಳಬೇಕಾದ ಪ್ರಶ್ನೆಯೇ ಬೇರೆ. ಯಾರನ್ನು ಹತ್ತಿಸಿಕೊಂಡಿರಿ ಅಂತಲ್ಲ. ಯಾರನ್ನು ಬಿಟ್ಟು ಬಂದಿರಿ ಅಂತ. ಇದನ್ನು ಒಬ್ಬರೂ ಕೇಳಿಲ್ಲ. ಕೇಳಿದ್ದರೆ ಉತ್ತರ ಇತ್ತು.

ಕದ್ರಾ ರೂಟಿನಲ್ಲಿದ್ದಾಗಿನ ಮಾತು. ಜುಲೈ ತಿಂಗಳು, ನಾಟಿ ಸಮಯ. ಸಂಜೆ ಏಳಕ್ಕೇ ಕತ್ತಲಾಗಿತ್ತು, ಮಳೆ ಹೊಯ್ಯುತ್ತಿತ್ತು. ಮುಂಚಿನ ಟ್ರಿಪ್ ರದ್ದಾಗಿದ್ದರಿಂದ ಬಾನೆಟ್ ಮೇಲೂ ಹುಡುಗರು ಕೂತಿದ್ದರು. ಒಂದು ತಿರುವಿನಲ್ಲಿ ಗೇರು ಮರದ ಕೆಳಗೆ ಒಬ್ಬ ಅಜ್ಜ ಕೈ ಮಾಡಿದ. ಕಪ್ಪು ಕೊಡೆ, ಕೈಯಲ್ಲಿ ಸ್ಟೀಲಿನ ಡಬ್ಬಿ. ಹೆಡ್‌ಲೈಟ್ ನೇರ ಅವನ ಮೇಲೆ ಬಿತ್ತು. ತಿರುವಿಗಾಗಿ ನಾನು ನಿಧಾನ ಮಾಡಿದ್ದನ್ನು ನೋಡಿ ತನಗಾಗಿಯೇ ಅಂದುಕೊಂಡ. ಕೊಡೆ ಮಡಚಿದ. ನಾನು ಗೇರ್ ಬದಲಿಸಿ ಮುಂದೆ ಹೋದೆ.

ಬಸ್ ತುಂಬಿತ್ತು ಅನ್ನುವುದು ನಿಜ. ಒಬ್ಬ ಅಜ್ಜನಿಗೆ ಜಾಗ ಇರಲಿಲ್ಲ ಅನ್ನುವುದು ನಿಜ ಅಲ್ಲ. ನನಗೆ ಬೇಗ ಡ್ಯೂಟಿ ಮುಗಿಸಿ ಮಲಗಬೇಕಿತ್ತು, ಅಷ್ಟೇ. ಕಂಡಕ್ಟರ್ ಹಿಂದೆ ಟಿಕೆಟ್ ಕೊಡುತ್ತಿದ್ದ. ಬಾನೆಟ್ ಮೇಲಿನ ಹುಡುಗರು ತಮ್ಮ ಮಾತಿನಲ್ಲಿದ್ದರು. ಅಜ್ಜನನ್ನು ನೋಡಿದವನು ನಾನೊಬ್ಬನೇ.

ಮಾರನೇ ದಿನ ಅವನು ಅಲ್ಲೇ ಇದ್ದ. ನಿಲ್ಲಿಸಿದೆ. ಹತ್ತಿ ಬಂದು ನನ್ನ ಹತ್ತಿರ ನಿಂತ. ಬೈಯುತ್ತಾನೆ ಎಂದು ಕಾದೆ. ಮಗಳ ಗದ್ದೆ ಕೆಲಸಕ್ಕೆ ಬಂದು ಸಂಜೆ ಮನೆಗೆ ಹೋಗುವವನಂತೆ. ನಿನ್ನೆ ಮಳೆಯಲ್ಲಿ ಮಗಳ ಮನೆಗೇ ವಾಪಸ್ ನಡೆದನಂತೆ. ಆಮೇಲೆ ಮೆಲ್ಲಗೆ ಕೇಳಿದ.

"ನಿನ್ನೆ ನಾನು ನಿನಗೆ ಕಾಣಲಿಲ್ಲವಾ ತಮ್ಮಾ?"

"ಇಲ್ಲ ಅಜ್ಜಾ, ಮಳೆಗೆ ಕಾಣಲಿಲ್ಲ" ಎಂದೆ.

ಅವನು ನಂಬಿದ. ಪೂರ್ತಿ ನಂಬಿದ. ಆವತ್ತಿನ ಮಾರನೇ ದಿನದಿಂದ ಟಾರ್ಚ್ ಹಿಡಿದು ನಿಲ್ಲತೊಡಗಿದ. ಮಳೆ ಇದ್ದರೂ ಇಲ್ಲದಿದ್ದರೂ, ದೂರದಿಂದ ಬಸ್ ಕಂಡ ಕೂಡಲೇ ಹಾಕುವುದು, ಆರಿಸುವುದು. ನಾಟಿ ಮುಗಿದು ಆಕಾಶ ತಿಳಿಯಾಯಿತು. ಇನ್ನೂ ಬೆಳಕಿರುವಾಗಲೂ ಟಾರ್ಚ್. ಮಗಳ ಮನೆಯಲ್ಲಿ ಕೆಲಸ ಇದ್ದಷ್ಟು ದಿನವೂ ಹಾಗೇ. ಒಂದು ದಿನ ಕಂಡಕ್ಟರ್ ನಗುತ್ತ ಬಂದ. "ಅಜ್ಜ ನಿಮ್ಮ ಬಗ್ಗೆ ಹೇಳ್ತಾನೆ. ಪಾಪ, ಡ್ರೈವರಿಗೆ ಕಣ್ಣು ಮಂಜು, ಕಾರವಾರದಲ್ಲಿ ಒಳ್ಳೆ ಡಾಕ್ಟರಿಗೆ ತೋರಿಸೋಕೆ ಹೇಳು ಅಂತ."

ಆ ರಾತ್ರಿ ನನಗೆ ಊಟ ಸೇರಲಿಲ್ಲ.

ನಿಜ ಹೇಳಬೇಕು ಎಂದು ಎಷ್ಟೋ ಸಂಜೆ ಅಂದುಕೊಂಡೆ. ಅವನು ಹತ್ತುತ್ತಿದ್ದ, ಟಾರ್ಚನ್ನು ಅಂಗಿಯ ಜೇಬಿಗೆ ಇಳಿಸುತ್ತಿದ್ದ, "ಈಗ ಹೇಗಿದೆ ಕಣ್ಣು?" ಎನ್ನುತ್ತಿದ್ದ. "ಚೆನ್ನಾಗಿ ಕಾಣುತ್ತದೆ ಅಜ್ಜಾ" ಎನ್ನುತ್ತಿದ್ದೆ. ಒಂದು ಸಲ ಟಾರ್ಚಿನ ಬೆಳಕು ಮಂಕಾಗಿತ್ತು. ಎರಡು ಸೆಲ್ ತಂದುಕೊಟ್ಟೆ. ಅವನು ದುಡ್ಡು ಕೊಡಲು ಬಂದ.

ಮುಂದಿನ ವರ್ಷ ನನ್ನನ್ನು ಮಾಜಾಳಿ ರೂಟಿಗೆ ಹಾಕಿದರು. ಕದ್ರಾ ಬಸ್ಸಿಗೆ ಬಂದ ಹೊಸ ಡ್ರೈವರಿಗೆ ಆ ಗೇರು ಮರದ ಗುರುತು ಹೇಳಿದೆ. ಅಲ್ಲಿ ಟಾರ್ಚ್ ಕಂಡರೆ ಬಸ್ ಎಷ್ಟೇ ತುಂಬಿದ್ದರೂ ನಿಲ್ಲಿಸು ಎಂದೆ. ಯಾಕೆ ಅಂತ ಅವನು ಕೇಳಿದ.

ಅಜ್ಜನಿಗೆ ಕಾಲು ನೋವು ಅಂದೆ.